ಕರುವಿನ ಹೊಕ್ಕುಳು, ಅಣ್ಣನ ಬೆರಳು

ಸತ್ತದ್ದೆಲ್ಲ ಒಂದೇ ಅಲ್ಲವೇನ್ರೀ ಎಂದು ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೇಳಿದವರು ಪಕ್ಕದ ಮನೆಯವರಾಗಲಿ, ಕಟ್ಟಿಕೊಂಡ ಗಂಡನೇ ಆಗಲಿ, ಸುಮ್ಮನೆ ಬಿಡುವ ಜಾಯಮಾನ ನನ್ನದಲ್ಲ. ಆಂಡರ್ಸನ್‌ಪೇಟೆಯ ಹತ್ತಿರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸಕ್ಕಿದ್ದೇನೆ. ರಕ್ತ, ಮೂತ್ರ ನೋಡುವ ಕಡೆ ಅಲ್ಲ. ಆಪರೇಷನ್ನಿನಲ್ಲಿ ತೆಗೆದ ಮಾಂಸದ ತುಣುಕು ನಮ್ಮ ಕೋಣೆಗೆ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿಯ ಪೊರೆಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲೆ ಹರಡಿ, ಗುಲಾಬಿ ಮತ್ತು ನೀಲಿ ಬಣ್ಣ ಹಾಕಿ, ಡಾಕ್ಟರ ಮೈಕ್ರೋಸ್ಕೋಪಿನ ಕೆಳಗೆ ಇಡುವುದು ನನ್ನ ಕೆಲಸ. ಅವರು ನೋಡಿ ಹೇಳಿದ್ದನ್ನು ಟೈಪ್ ಮಾಡುವುದೂ ನನ್ನದೇ.

ನನಗೆ ಕೆಲಸ ಕಲಿಸಿದ್ದು ತಮಿಳು ಮನೆಮಾತಿನ ಹಿರಿಯ ಡಾಕ್ಟರಮ್ಮ. ಸೇರಿದ ಹೊಸದರಲ್ಲಿ ಅವರು ಹೇಳಿದ ಉದ್ದನೆಯ ಹೆಸರೊಂದು ತಲೆಗೆ ಹೋಗದೆ ರಿಪೋರ್ಟಿನಲ್ಲಿ ಬರೀ ‘ಡೆಡ್ ಟಿಷ್ಯೂ’ ಎಂದು ಬರೆದುಬಿಟ್ಟಿದ್ದೆ. ಆ ಹಾಳೆಯನ್ನು ನನ್ನ ಕಣ್ಣೆದುರೇ ಹರಿದರು.

“ಎನ್ನಮ್ಮಾ ಇದು? ಸತ್ತುಹೋಯ್ತು ಅಂತ ಬರೆದ್ರೆ ಯಾರಿಗೆ ಉಪಯೋಗ? ಹೇಗೆ ಸತ್ತಿತು ಅಂತ ಬರಿ. ಆಗ ಉಳಿದಿರೋದನ್ನ ಉಳಿಸ್ಕೋಬಹುದು” ಎಂದರು.

ಅವತ್ತು ಮಧ್ಯಾಹ್ನ ಊಟಕ್ಕೂ ಬಿಡದೆ ಹಳೆಯ ಸ್ಲೈಡುಗಳನ್ನು ಒಂದೊಂದಾಗಿ ತೋರಿಸಿದರು. ರಕ್ತದ ದಾರಿ ಕಟ್ಟಿಹೋಗಿ ಸತ್ತ ಮೂತ್ರಪಿಂಡದ ಚೂರು ಮೊದಲು ನೋಡಿದ್ದು. ಜೀವಕೋಶಗಳ ಗೋಡೆ, ಸಾಲು, ಆಕಾರ ಎಲ್ಲ ಇದ್ದ ಹಾಗೇ ಇದ್ದವು. ನಡುವಿನ ನೀಲಿ ಚುಕ್ಕೆ, ಅಂದರೆ ಕೋಶಕೇಂದ್ರ, ಮಾತ್ರ ಇರಲಿಲ್ಲ. ಚಿನ್ನದ ಗಣಿ ಮುಚ್ಚಿದ ಮೇಲೆ ಖಾಲಿಬಿದ್ದ ಕೋರಮಂಡಲ್ ಕಡೆಯ ಕಾರ್ಮಿಕರ ಮನೆಗಳ ಹಾಗೆ, ಗೋಡೆ ನಿಂತಿದೆ, ಒಳಗೆ ಒಬ್ಬರೂ ಇಲ್ಲ. ಹೃದಯಾಘಾತದಲ್ಲಿ ಹೃದಯದ ಮಾಂಸ ಸಾಯುವುದೂ ಹೀಗೆಯೇ. ಇದು ಹೆಪ್ಪುಗಟ್ಟಿದ ಸಾವು ಎಂದರು. ಆಮೇಲೆ ಕೀವುಗಡ್ಡೆಯ ಸ್ಲೈಡ್ ಇಟ್ಟರು. ಅಲ್ಲಿ ಗೋಡೆಯೂ ಇಲ್ಲ, ಸಾಲೂ ಇಲ್ಲ, ಎಲ್ಲ ಕರಗಿ ನೀರಾಗಿತ್ತು. ಮಿದುಳಿಗೆ ರಕ್ತ ನಿಂತರೂ ಹೀಗೇ ಕರಗುತ್ತದಂತೆ. ಮೂರನೆಯದು ಚಾಂಪಿಯನ್ ರೀಫ್ಸ್ ಕಡೆಯ ಒಬ್ಬ ಹಳೆಯ ಗಣಿ ಕಾರ್ಮಿಕರ ಶ್ವಾಸಕೋಶ. ಕಲ್ಲಿನ ದೂಳು ಕುಡಿದು ಕುಡಿದು ಕೊನೆಗೆ ಕ್ಷಯ ಹಿಡಿದದ್ದು. ಅದು ಗಟ್ಟಿಯೂ ಅಲ್ಲ, ನೀರೂ ಅಲ್ಲ. ಡಾಕ್ಟರಮ್ಮ ಅದನ್ನು ಚೀಸಿನ ಹಾಗೆ ಎಂದರು. ಚೀಸ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಶೀಶೆಯಲ್ಲಿದ್ದ ಆ ತುಂಡನ್ನು ತೋರಿಸಿದಾಗ, “ಗಿಣ್ಣು ಮೇಡಂ” ಎಂದೆ. ಹಸು ಈದಾಗ ಮೊದಲ ಹಾಲನ್ನು ಕಾಯಿಸಿದರೆ ಪುಡಿಪುಡಿಯಾಗಿ ಉದುರುತ್ತದಲ್ಲ, ಥೇಟ್ ಹಾಗೇ ಇತ್ತು. ಆಮೇಲೆ ಎರಡು ವರ್ಷ ನಾನು ಗಿಣ್ಣು ಮುಟ್ಟಲಿಲ್ಲ.

ಈ ವ್ಯತ್ಯಾಸ ಎಷ್ಟು ಮುಖ್ಯ ಎಂದು ಮನಸ್ಸಿಗೆ ನಾಟಿದ್ದು ಇನ್ನೊಂದು ಸಲ. ಬಂಗಾರಪೇಟೆ ಕಡೆಯ ಹೆಂಗಸೊಬ್ಬರು ಹಾಲು ಕರೆಯುವಾಗ ಹಸು ಎದೆಗೆ ಒದ್ದಿತ್ತು. ಕೆಲವು ತಿಂಗಳ ಮೇಲೆ ಅಲ್ಲೊಂದು ಗಟ್ಟಿ ಗಂಟು. ಮನೆಯವರು ಕ್ಯಾನ್ಸರ್ ಎಂದು ತಾವೇ ತೀರ್ಮಾನಿಸಿ, ಆಕೆಯ ತಟ್ಟೆ ಲೋಟ ಬೇರೆ ಇಟ್ಟಿದ್ದರು. ಸ್ಲೈಡಿನಲ್ಲಿ ಕಂಡದ್ದು ಸತ್ತ ಕೊಬ್ಬು, ಅದರ ಸುತ್ತ ಗಟ್ಟಿಕಟ್ಟಿದ ಸುಣ್ಣ. ಪೆಟ್ಟು ಬಿದ್ದ ಕೊಬ್ಬು ಹಾಗೆ ಸಾಯುತ್ತದೆ, ಅಷ್ಟೇ. ರಿಪೋರ್ಟ್ ಕೈಗೆ ಕೊಟ್ಟು ಆಕೆಯ ಗಂಡನಿಗೆ ನಾನು ಕಾರಿಡಾರಿನಲ್ಲೇ ಚೆನ್ನಾಗಿ ಉಗಿದೆ. ತಟ್ಟೆ ಬೇರೆ ಇಟ್ಟಿರಲ್ಲ, ಹಸುವಿಗೇನು ಮಾಡಿದಿರಿ ಎಂದು ಕೇಳಿದೆ. ಅವನು ರಿಪೋರ್ಟ್ ಮಡಚಿ ಜೇಬಿಗೆ ಹಾಕಿಕೊಂಡು ಹೋದ. ಎಲ್ಲರಿಗೂ ಹೀಗೆ ಬುದ್ಧಿ ಹೇಳುವ ನನಗೆ ನನ್ನ ಮನೆಯಲ್ಲೇ ಹೇಳಲು ಬರಲಿಲ್ಲ.

ನನ್ನ ತವರು ಬಂಗಾರಪೇಟೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಹಳ್ಳಿ. ಅಲ್ಲಿ ನನ್ನ ಅಣ್ಣ ಮತ್ತು ಅತ್ತಿಗೆ ಇದ್ದಾರೆ. ನಾಲ್ಕು ಸೀಮೆಹಸು, ಒಂದಿಷ್ಟು ಟೊಮೊಟೊ, ರಾಗಿ. ಅಣ್ಣ ಐದು ಗಂಟೆಗೆ ಎದ್ದು ಹಾಲು ಕರೆದು, ಕ್ಯಾನನ್ನು ಸೈಕಲ್ಲಿಗೆ ಸಿಕ್ಕಿಸಿಕೊಂಡು ಡೈರಿಗೆ ಹಾಕಿ ಬರುವವನು. ಸುತ್ತಲ ನಾಲ್ಕು ಹಳ್ಳಿಯಲ್ಲಿ ಹಸು ಈಯಲು ಕಷ್ಟಪಟ್ಟರೆ ಇವನಿಗೇ ಕರೆ ಬರುತ್ತದೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬೀಡಿ. ಮಾತ್ರೆ ನುಂಗು ಎಂದರೆ, “ಮೈ ಚೆನ್ನಾಗಿ ಐತಲ್ಲ” ಎನ್ನುತ್ತಿದ್ದ. ಬೀಡಿ ಬಿಡು ಎಂದರೆ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ.

ಹೋದ ವರ್ಷ ಮಾಗಿಯ ಚಳಿಯಲ್ಲಿ ಒಂದು ಭಾನುವಾರ ಹೋದಾಗ ಅವನು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಎಡಗಾಲಿನ ಎರಡನೆಯ ಬೆರಳು ಕಪ್ಪಗಾಗಿ, ಸುಕ್ಕುಗಟ್ಟಿ, ಒಣ ದ್ರಾಕ್ಷಿಯಂತಾಗಿತ್ತು. ನೋವೇ ಇಲ್ಲವಂತೆ. ಎಷ್ಟು ದಿನವಾಯಿತು ಎಂದರೆ, “ಅಬ್ಬದಿಂದೀಚೆಗೆ” ಎಂದ. ಯಾವ ಹಬ್ಬ ಎಂದು ಗದರಿದ್ದಕ್ಕೆ ಅತ್ತಿಗೆ, ತಿಂಗಳಾಯಿತು ಎಂದು ಮೆಲ್ಲಗೆ ಅಂದರು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಮರುದಿನ ರಜೆ ಹಾಕಿ ಬಂಗಾರಪೇಟೆಯ ಒಬ್ಬ ಸರ್ಜನ್ ಬಳಿ ಕರೆದುಕೊಂಡು ಹೋದೆ.

ಸರ್ಜನ್ ಒಳ್ಳೆಯ ಕೈಗುಣದವರು. ಆದರೆ ಹೊರಗೆ ಬೆಂಚಿನ ತುಂಬ ಜನ, ನಮಗೆ ಸಿಕ್ಕಿದ್ದು ನಾಲ್ಕು ಮಾತು. ಇದು ಒಣ ಗ್ಯಾಂಗ್ರೀನ್, ಬೆರಳಿಗೆ ಹೋಗುವ ರಕ್ತನಾಳ ಮುಚ್ಚಿಕೊಂಡಿದೆ. ಕಾಲಿನ ರಕ್ತನಾಳದ ಸ್ಕ್ಯಾನ್ ಮಾಡಿಸಿ ಹತ್ತು ದಿನಕ್ಕೆ ಬನ್ನಿ. ಸತ್ತ ಭಾಗಕ್ಕೂ ಬದುಕಿರುವ ಭಾಗಕ್ಕೂ ನಡುವೆ ಗೆರೆ ಬೀಳುತ್ತಿದೆ, ಬೆರಳು ತಾನಾಗಿ ಉದುರಬಹುದು, ಇಲ್ಲದಿದ್ದರೆ ಅದೊಂದನ್ನು ತೆಗೆದರಾಯಿತು. ಅಲ್ಲಿಯವರೆಗೆ ಒಣಗಿದ ಹಾಗೇ ಇಟ್ಟುಕೊಳ್ಳಿ. ಕಾಲು ಊದಿದರೆ, ವಾಸನೆ ಬಂದರೆ, ಜ್ವರ ಬಂದರೆ ಅವತ್ತೇ ಓಡಿ ಬನ್ನಿ. ಅಷ್ಟು ಹೇಳಿ ಮುಂದಿನವರನ್ನು ಕರೆದರು. ಅಣ್ಣ ಡಾಕ್ಟರ ಎದುರು ಬಾಯಿ ಬಿಡಲಿಲ್ಲ. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಅವನ ಪ್ರಶ್ನೆ ಶುರುವಾಯಿತು.

“ಒಣಗಿಸ್ಕಳೋದು ಅಂದ್ರೆ ಎಂಗಮ್ಮ?”

ಒಣಗಿಸುವುದಲ್ಲ, ಒಣಗಿದ್ದು ಒದ್ದೆಯಾಗದ ಹಾಗೆ ನೋಡಿಕೊಳ್ಳುವುದು ಎಂದೆ. ಮತ್ತೆ ಅದನ್ನೇ ಕೇಳಿದ. ಮತ್ತೆ ಹೇಳಿದೆ. ಮೂರನೆಯ ಸಲವೂ ಕೇಳಿದ. ಬಸ್ಸು ಬರುವ ಹೊತ್ತಾಗಿತ್ತು. ಮಧ್ಯಾಹ್ನಕ್ಕಾದರೂ ಲ್ಯಾಬಿಗೆ ಬಾ ಎಂದು ಎರಡು ಸಲ ಫೋನ್ ಬಂದಿತ್ತು. ಒಂದು ತಿಂಗಳಿಂದ ಕಪ್ಪು ಬೆರಳು ಇಟ್ಟುಕೊಂಡು ಸುಮ್ಮನಿದ್ದವನು ಈಗ ಎಳೆ ಮಗುವಿನ ಹಾಗೆ ಕೇಳುತ್ತಿದ್ದಾನಲ್ಲ ಎಂದು ನನಗೆ ರೇಗಿಹೋಯಿತು. ತವರಿನವರ ಜೊತೆ ರೇಗಿದರೆ ನನ್ನ ಬಾಯಲ್ಲೂ ಊರಿನ ಮಾತೇ ಬರುತ್ತದೆ.

“ಕರ ಉಟ್ಟಾಗ ಅದ್ರ ಒಕ್ಳುಬಳ್ಳಿ ಎಂಗಣ್ಣ ಒಣಗ್ತೈತೆ? ಕಪ್ಪಗಾಗಿ ತಾನೇ ಬಿದ್ದೋಗಲ್ವಾ? ಅಂಗೇ ಇದೂನು. ಒಣಗಿದ್ರೆ ಬೆರಳು ಓಗ್ತೈತೆ, ಒದ್ದೆಯಾದ್ರೆ ಕಾಲೇ ಓಗ್ತೈತೆ. ಇಷ್ಟು ತಲೇಲಿ ಇಟ್ಕೋ ಸಾಕು.”

ಅವನ ಮುಖ ಅರಳಿತು. “ಅಂಗ್ ಯೋಳು ಮತ್ತೆ” ಎಂದ. ನನಗೂ ಬುದ್ಧಿವಂತಿಕೆಯ ಮಾತಾಡಿದೆ ಅನಿಸಿತು. ಅದು ಸುಳ್ಳೂ ಅಲ್ಲ, ಹೊಕ್ಕುಳಬಳ್ಳಿ ರಕ್ತ ನಿಂತು ಒಣಗಿ ಸಾಯುವುದು ಹೆಚ್ಚುಕಡಿಮೆ ಹಾಗೆಯೇ. ಡಾಕ್ಟರಮ್ಮ ಕೇಳಿದ್ದರೂ ತಲೆಯಾಡಿಸುತ್ತಿದ್ದರು. ಬಸ್ಸು ಬಂತು, ಅವನನ್ನು ಹತ್ತಿಸಿದೆ. ನನ್ನ ತಲೆಯಲ್ಲಿ ಹತ್ತು ಮಾತಿದ್ದವು, ಅವನಿಗೆ ಕೊಟ್ಟದ್ದು ಒಂದು.

ಆಮೇಲೆ ದಿನಾ ಬೆಳಿಗ್ಗೆ ಡೈರಿಯಿಂದ ವಾಪಸು ಬರುವ ಹೊತ್ತಿಗೆ ಫೋನ್ ಮಾಡುತ್ತಿದ್ದೆ. ಅವನದು ಬಟನ್ ಫೋನ್, ಫೋಟೊ ಕಳಿಸು ಎನ್ನುವ ಹಾಗಿಲ್ಲ.

“ಒಣಗೈತಾ ಅಣ್ಣ?”

“ಒಣಗೈತೆ ಕಣಮ್ಮ.”

“ಜ್ವರ?”

“ಏನೂ ಇಲ್ಲ. ನಿನ್ ಕೆಲ್ಸ ನೋಡ್ಕೋ.”

ಸ್ಕ್ಯಾನಿಗೆ ಹೋದೆಯಾ ಎಂದರೆ, ಹಸು ಈಯುವ ಹಾಗಿದೆ, ಇನ್ನೆರಡು ದಿನ ಹೋಗಲಿ ಎನ್ನುತ್ತಿದ್ದ. ನಡುವೆ ಬಂದ ಭಾನುವಾರ ಗಂಡನ ಕಡೆಯ ಒಂದು ಮದುವೆ, ಹೋಗಲಾಗಲಿಲ್ಲ. ಹತ್ತನೆಯ ದಿನ ಅವನನ್ನು ಡಾಕ್ಟರ ಬಳಿಗೆ ಕರೆದೊಯ್ಯಲೆಂದು ಬೆಳಿಗ್ಗೆಯ ರೈಲು ಹಿಡಿದು ಬಂಗಾರಪೇಟೆಯಲ್ಲಿ ಇಳಿದು, ಬಸ್ಸು ಹತ್ತಿ ಊರಿಗೆ ಹೋದೆ.

ಅಂಗಳದಲ್ಲಿ ಸಗಣಿ, ಹಿಂಡಿ, ಫಿನಾಯಿಲಿನ ವಾಸನೆ. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಸಿಹಿಸಿಹಿಯಾಗಿ ಹಳಸಿದ್ದು. ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಮೂಗಿಗೆ ತಿಳಿಯಿತು, ಅಂಥದ್ದು ಡಬ್ಬಿಯಲ್ಲಿ ಬಂದಾಗಲೆಲ್ಲ ಮುಚ್ಚಳ ತೆಗೆಯುವವಳು ನಾನೇ. ಅಣ್ಣ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂತಿದ್ದ. ಮುಂದೆ ಒಡಕು ಮಡಕೆಯಲ್ಲಿ ಬೆರಣಿಯ ಕೆಂಡ. ಎಡಗಾಲು ಆ ಕೆಂಡದ ಪಕ್ಕದಲ್ಲಿತ್ತು, ಪಾದದ ತುಂಬ ಬೂದಿ ಮೆತ್ತಿತ್ತು.

ನಮ್ಮ ಕಡೆ ಚಳಿಗಾಲದಲ್ಲಿ ಕರು ಹುಟ್ಟಿದರೆ ಹೀಗೇ ಮಾಡುತ್ತಾರೆ. ಬೆರಣಿಯ ಬೂದಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು ಹೊಕ್ಕುಳಿಗೆ ಉದುರಿಸುತ್ತಾರೆ. ಹತ್ತಿರದಲ್ಲಿ ಕೆಂಡ ಇಡುತ್ತಾರೆ. ಕೊಂಚ ಒದ್ದೆ ಕಂಡರೆ ಇನ್ನೊಂದು ಹಿಡಿ ಬೂದಿ. ಅಣ್ಣ ಎಷ್ಟೋ ಕರುಗಳಿಗೆ ಮಾಡಿದ್ದಾನೆ, ಚಿಕ್ಕಂದಿನಲ್ಲಿ ನಾನೂ ಬಟ್ಟೆ ಹಿಡಿದಿದ್ದೇನೆ. ಅಷ್ಟು ಚೆನ್ನಾಗಿ ಗೊತ್ತಿದ್ದೂ ಆ ಬೆಂಚಿನ ಮೇಲೆ ನನಗೆ ಅದು ಹೊಳೆಯಲಿಲ್ಲ. ನಾನು ಹೇಳಿದ್ದು ಹೊಕ್ಕುಳು ಹೇಗೆ ಬೀಳುತ್ತದೆ ಎಂದು. ಅವನು ಕೇಳಿಸಿಕೊಂಡದ್ದು ಹೊಕ್ಕುಳಿಗೆ ಏನು ಮಾಡಬೇಕು ಎಂದು. ಹಸು ಸಾಕಿದವನು ಇನ್ನು ಹೇಗೆ ತಾನೆ ಕೇಳಿಸಿಕೊಳ್ಳುತ್ತಾನೆ?

ಬಿಸಿನೀರು ಕಾಯಿಸಿ ಆರಿಸಿ, ಬೂದಿಯ ಹಕ್ಕಳೆಯನ್ನು ನೆನೆಸಿ ನೆನೆಸಿ ತೆಗೆದೆ. ಮೇಲೆ ಮಣ್ಣಿನ ಗೋಡೆಯಷ್ಟು ಒಣಗಿತ್ತು. ಕೆಳಗೆ ಪಾದದ ಚರ್ಮ ಬೊಬ್ಬೆಯೆದ್ದು ಒಡೆದು ಜಾರುತ್ತಿತ್ತು. ಸಕ್ಕರೆಯಿಂದ ಸ್ಪರ್ಶ ಸತ್ತ ಕಾಲು, ಕೆಂಡ ಸುಟ್ಟದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಹಸಿರು ಬೆರೆತ ನೀರು ಸೋರುತ್ತಿತ್ತು. ಕಾಲು ಕಣಕಾಲಿನ ಮೇಲಿನವರೆಗೆ ಊದಿ ಕೆಂಪಾಗಿತ್ತು, ಒತ್ತಿದರೆ ಒಳಗೆ ಗಾಳಿ ತುಂಬಿದ ಹಾಗೆ ಚರಚರ ಎನ್ನುತ್ತಿತ್ತು. ಹಣೆ ಮುಟ್ಟಿದರೆ ಕೆಂಡ.

“ಇದನ್ನೇನಣ್ಣ ನೀನು ಒಣಗೈತೆ ಅಂತ ಯೋಳ್ತಿದ್ದದ್ದು?” ಎಂದು ಕೂಗಿದೆ. ಹಸುಗಳು ಬೆದರಿ ಎದ್ದು ನಿಂತವು.

“ಮ್ಯಾಲೆ ಒಣಗೈತಲ್ಲಮ್ಮ. ನೀನೇ ಯೋಳ್ದಲ್ಲ, ಒದ್ದೆ ಆಗ್ಬಾರ್ದು ಅಂತ. ಐದ್ ದಿನದಿಂದ ಒಸಿ ಒಸಿ ಸೋರ್ತಿತ್ತು. ಸೋರ್ದಾಗೆಲ್ಲ ಬೂದಿ ಆಕ್ದೆ.”

ಐದು ದಿನ. ನಾನು ಅತ್ತಿಗೆಯ ಕಡೆ ತಿರುಗಿದೆ. ಇವರಿಗಾದರೂ ಕಣ್ಣಿರಲಿಲ್ಲವೇ, ಒಂದು ಫೋನ್ ಮಾಡಲು ಕೈ ಬಿದ್ದುಹೋಗಿತ್ತೇ ಎಂದು ಕೇಳಿದೆ. ಕೇಳಿದ್ದಲ್ಲ, ಕಿರುಚಿದ್ದು. ಅತ್ತಿಗೆ ಯಾವತ್ತೂ ನನಗೆ ಎದುರು ಮಾತಾಡಿದವರಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತರು.

“ನಾನ್ ಯೋಳ್ದೆ, ನಿನ್ನ ಕರೀರಿ ಅಂತ. ಬ್ಯಾಡ, ಅವಳು ಬೈತಾಳೆ, ಒಣಗಿದ್ ಮ್ಯಾಲೆ ಯೋಳಾನ ಅಂದ್ರು. ನಿನ್ ಬಾಯಿಗೆ ಎದ್ರಿ ಕೂತಿದ್ದೀವಿ ಕಣಮ್ಮ ಇಬ್ರೂ.”

ಪಕ್ಕದ ಮನೆಯವರ ಆಟೊ ಕರೆಸಿ, ಅಣ್ಣನನ್ನು ಎತ್ತಿ ಕೂರಿಸಿಕೊಂಡು ಮೂವರೂ ಬಂಗಾರಪೇಟೆಗೆ ಹೊರಟೆವು. ದಾರಿಯುದ್ದಕ್ಕೂ ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಮಾತ್ರೆ ನುಂಗದ ಅಣ್ಣನ ಮೇಲೆ, ನಾಲ್ಕು ಮಾತಿನಲ್ಲಿ ಮುಗಿಸಿದ ಸರ್ಜನ್ ಮೇಲೆ, ಹೆದರಿದ ಅತ್ತಿಗೆಯ ಮೇಲೆ. ಆಟೊ ರೈಲ್ವೆ ಗೇಟಿನಲ್ಲಿ ನಿಂತಿತು. ಬಯ್ಯಲು ಬೇರೆ ಯಾರೂ ಉಳಿದಿರಲಿಲ್ಲ. ಕರುವಿನ ಹೊಟ್ಟೆಯ ಕಡೆ ರಕ್ತ ಜೋರಾಗಿ ಹರಿಯುತ್ತದೆ, ಹೊಕ್ಕುಳು ಬಿದ್ದ ಜಾಗ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಅಣ್ಣನ ಪಾದದಲ್ಲಿ ಬದುಕಿದ್ದ ಮಾಂಸವೂ ರಕ್ತ ಸಾಲದೆ ಅರೆಹೊಟ್ಟೆಯಲ್ಲಿ ಬದುಕಿತ್ತು. ಒಂದು ಸುಟ್ಟ ಗಾಯ ತಡೆದುಕೊಳ್ಳುವ ತಾಕತ್ತು ಅದಕ್ಕಿರಲಿಲ್ಲ. ಈ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತಿತ್ತು. ಬಸ್ಸು ಬರುವುದರೊಳಗೆ ಅವನ ಬಾಯಿ ಮುಚ್ಚಿಸಲು ಆ ಹೋಲಿಕೆ ಕೊಟ್ಟೆ.

ಸರ್ಜನ್ ಈ ಸಲ ಎದ್ದು ಬಂದು ನೋಡಿದರು. ಪಾದದ ಅಂಚಿನಲ್ಲಿ ಉಳಿದಿದ್ದ ಬೂದಿಯನ್ನು ಬೆರಳಿಂದ ಉಜ್ಜಿ ನೋಡಿ ಅವರ ಮುಖ ಕೆಂಪಾಯಿತು.

“ಯಾರ್ರೀ ನಿಮಗೆ ಬೂದಿ ಹಾಕೋಕೆ ಹೇಳಿದ್ದು?”

ನಾನು ಉತ್ತರ ಕೊಡಬೇಕಿತ್ತು.

“ಯಾರೂ ಯೋಳ್ಲಿಲ್ಲ ಸಾರ್. ನಾನೇ ಆಕ್ಕೊಂಡೆ” ಎಂದ ಅಣ್ಣ.

“ನೀವು ಲ್ಯಾಬ್‌ನವರು, ನೀವಾದ್ರೂ ನೋಡ್ಕೋಬಾರದಾ?” ಎಂದು ಅವರು ನನ್ನನ್ನು ಕೇಳಿದರು. ಅದಕ್ಕೂ ಅಣ್ಣನೇ, “ಅವಳು ದಿನಾ ಫೋನ್ ಮಾಡ್ತಿದ್ಲು ಸಾರ್, ನಾನೇ ಸುಳ್ಳು ಯೋಳ್ದೆ” ಎಂದ. ಜ್ವರದಲ್ಲಿ ಹಲ್ಲು ಕಟಕಟ ಅನ್ನುತ್ತಿದ್ದವು, ಆದರೂ ಇಷ್ಟನ್ನು ಸರಿಯಾಗಿ ಹೇಳಿದ.

ಮೊಣಕಾಲಿನ ಕೆಳಗೆ ತೆಗೆಯಬೇಕು, ಇವತ್ತೇ, ಸಂಜೆಯವರೆಗೂ ಕಾಯುವ ಹಾಗಿಲ್ಲ ಎಂದರು ಸರ್ಜನ್. ನರ್ಸು ಒಪ್ಪಿಗೆಯ ಕಾಗದ ತಂದಳು. ಅಣ್ಣ ಕೈ ಹಿಂದಕ್ಕೆ ಎಳೆದುಕೊಂಡ. “ಬೆರ್ಳು ತಾನೇ ಕಪ್ಪಾಗಿದ್ದು? ಬೆರ್ಳು ತಕ್ಕಳಿ. ಕಾಲ್ಯಾಕೆ ಕೊಡ್ಲಿ? ಕಾಲಿಲ್ದೆ ಅಸು ಎಂಗ್ ಕರೀಲಿ?” ಅತ್ತಿಗೆ ಅಳುತ್ತಾ ಬೇಡಿಕೊಂಡರು. ನರ್ಸು ಹೇಳಿದಳು. ಅವನು ಯಾರ ಮಾತಿಗೂ ಜಗ್ಗಲಿಲ್ಲ. ಸಹಿ ಹಾಕದೆ ಮುಟ್ಟುವ ಹಾಗಿಲ್ಲ, ಆದರೆ ತಡವಾದರೆ ಜೀವಕ್ಕೇ ಅಪಾಯ ಎಂದು ಹೇಳಿ ಸರ್ಜನ್ ಥಿಯೇಟರ್ ಸಿದ್ಧ ಮಾಡಿಸಲು ಹೋದರು.

ನಾನು ಮಂಚದ ಮೇಲೆ ಅವನ ಪಕ್ಕ ಕೂತೆ. ಕೂಗಲಿಲ್ಲ. ಮೊದಲಿನಿಂದ ಹೇಳಿದೆ. ಬೆರಳಿಗೆ ರಕ್ತ ಬರುವ ಕೊಳವೆ ಮುಚ್ಚಿತು, ಅದಕ್ಕೇ ಬೆರಳು ಒಣಗಿ ಸತ್ತಿತು. ಆ ಸಾವು ಇದ್ದಲ್ಲೇ ಇರುತ್ತದೆ, ಬೇಗ ಮೇಲಕ್ಕೆ ನಡೆಯುವುದಿಲ್ಲ. ಅದನ್ನು ನಾವು ಒಣಗಿಸಬೇಕಿರಲಿಲ್ಲ, ಅದು ಆಗಲೇ ಒಣಗಿತ್ತು, ಮುಟ್ಟದೆ ಬಿಟ್ಟಿದ್ದರೆ ಸಾಕಿತ್ತು. ಕೆಂಡಕ್ಕೆ ಚರ್ಮ ಸುಟ್ಟು ಬಾಯಿ ತೆರೆಯಿತು. ಅಲ್ಲಿಂದ ರೋಗದ ಹುಳು ಒಳಗೆ ಹೋಯಿತು. ಬೂದಿ ಮೇಲೆ ಮುಚ್ಚಳ ಹಾಕಿದ ಹಾಗಾಗಿ ಒಳಗೆ ಕೀವು ಬೆಳೆಯಿತು. ಈಗ ನಡೆಯುತ್ತಿರುವುದು ಬೇರೆ ಸಾವು. ಇದು ಚೆನ್ನಾಗಿದ್ದ ಮಾಂಸವನ್ನೂ ಕರಗಿಸಿಕೊಂಡು ಗಂಟೆಗಂಟೆಗೂ ಮೇಲೆ ಹತ್ತುತ್ತಿದೆ. ಬೆರಳೊಂದನ್ನೇ ತೆಗೆದರೆ ಇದು ನಿಲ್ಲುವುದಿಲ್ಲ. ನಂಜು ರಕ್ತಕ್ಕೆ ಸೇರಿದರೆ ಕಾಲೂ ಇಲ್ಲ, ನೀನೂ ಇಲ್ಲ. ಹೊಕ್ಕುಳಿನ ಮಾತು ಆಡಬಾರದಿತ್ತು, ಅದು ನನ್ನ ತಪ್ಪು. ಅವನು ನಡುವೆ ಎರಡು ಸಲ ತಡೆದು ಕೇಳಿದ, ಎರಡು ಸಲವೂ ಮತ್ತೆ ಹೇಳಿದೆ. ಎಲ್ಲ ಸೇರಿ ಹತ್ತು ನಿಮಿಷ ಹಿಡಿಯಿತು.

ಅಣ್ಣ ಕಾಗದಕ್ಕೆ ಕೈ ನೀಡಿದ.

“ಇಷ್ಟೇ ತಾನೇ. ಇಂಗೆ ಬಿಡ್ಸಿ ಅವತ್ತೇ ಯೋಳಿದ್ರೆ ನಾನು ಕೇಳ್ತಿರ್ಲಿಲ್ವಾ ಕಣಮ್ಮ?”

ಎಂದು ಸಹಿ ಹಾಕಿದ. ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು, ಅದು ನನಗೆ ಬರುತ್ತದೆ. ಅವನು ಬೈಯಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಅವನನ್ನು ಒಳಗೆ ಕರೆದುಕೊಂಡು ಹೋದರು.